ಹಳದಿ ಗೆರೆಯೊಂದರ ಕಥೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳನ್ನು ಹರಡಿಕೊಂಡು ಕೂರುವವರೊಬ್ಬರ ಬಳಿ, ಮೂಲವಸ್ತುಗಳ ಇತಿಹಾಸವನ್ನು ಹೇಳುವ, ರಟ್ಟು ಕಳಚಿದ ಪುಸ್ತಕವೊಂದು ಹಲವು ವರ್ಷಗಳ ಹಿಂದೆ ನನಗೆ ಸಿಕ್ಕಿತು. ಹೀಲಿಯಂ ಕುರಿತ ಅಧ್ಯಾಯದ ಅಂಚಿನಲ್ಲಿ ಹಿಂದಿನ ಓದುಗರು ಯಾರೋ ಪೆನ್ಸಿಲಿನಲ್ಲಿ, ‘ಇದು ಸೋಡಿಯಂ ಅಲ್ಲವೆಂದು ಹೇಗೆ ಗೊತ್ತಾಯಿತು?’ ಎಂದು ಬರೆದಿದ್ದರು. ಜನರಿಗಾಗಿ ಬರೆದ ವಿಜ್ಞಾನದ ಪುಸ್ತಕ ಉತ್ತರಿಸಬೇಕಾದದ್ದು ಇಂಥ ಪ್ರಶ್ನೆಗೇ ಎಂದು ನನಗೆ ಅಂದಿನಿಂದಲೂ ಅನ್ನಿಸಿದೆ.

ಸಾರು ಉಕ್ಕಿ ಗ್ಯಾಸ್ ಒಲೆಯ ಮೇಲೆ ಬಿದ್ದಾಗ ನೀಲಿ ಜ್ವಾಲೆ ಥಟ್ಟನೆ ಹಳದಿಗೆ ತಿರುಗುವುದನ್ನು ನೀವೆಲ್ಲ ಕಂಡಿದ್ದೀರಿ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಆ ಬೆಳಕನ್ನು, ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣವಾದ ರೋಹಿತದರ್ಶಕದ ಮೂಲಕ ನೋಡಿದರೆ ಒಂದಕ್ಕೊಂದು ಅಂಟಿಕೊಂಡಂತಿರುವ ಎರಡು ಹಳದಿ ಗೆರೆಗಳು ಕಾಣುತ್ತವೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಗುಂಟೂರಿಗೆ ಬಂದಿದ್ದ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್, ಸೂರ್ಯನ ಅಂಚಿನಿಂದ ಚಾಚಿದ ಕೆನ್ನಾಲಗೆಗಳ ಬೆಳಕಿನಲ್ಲಿ ಪ್ರಖರವಾದ ಗೆರೆಗಳನ್ನು ಕಂಡು, ಗ್ರಹಣವಿಲ್ಲದಿದ್ದರೂ ಅವನ್ನು ನೋಡಬಹುದೆಂದು ಮರುದಿನವೇ ತೋರಿಸಿದರು. ಆ ಗ್ರಹಣವನ್ನು ನೋಡಿದವರಲ್ಲಿ ಹಲವರು ಅಲ್ಲಿದ್ದ ಹಳದಿ ಗೆರೆಯನ್ನು ಸೋಡಿಯಂನದೇ ಎಂದು ಭಾವಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕ್ಯರ್ ತಮ್ಮದೇ ದಾರಿಯಲ್ಲಿ ಅದನ್ನು ಕಂಡು ಅದರ ಸ್ಥಾನವನ್ನು ಗುರುತಿಸಿದಾಗ, ಗೆರೆ ಸೋಡಿಯಂನ ಜಾಗದಲ್ಲಿರಲಿಲ್ಲ. ಬೆಳಕಿನ ಅಲೆಯ ಉದ್ದವನ್ನು ಹೇಳುವ ಇಂದಿನ ಅಳತೆಯಲ್ಲಿ ಸೋಡಿಯಂನ ಗೆರೆಗಳು 589.0 ಮತ್ತು 589.6 ನ್ಯಾನೋಮೀಟರಿನವು, ಹೊಸ ಗೆರೆ 587.6ರದು. ಪ್ರತಿಯೊಂದು ಮೂಲವಸ್ತುವಿನ ಗೆರೆಗಳಿಗೂ ಅದರದೇ ಜಾಗವಿರುವುದರಿಂದ, ಇಷ್ಟು ಸಣ್ಣ ಅಂತರವೇ ಪೆನ್ಸಿಲ್ ಪ್ರಶ್ನೆಗೆ ಉತ್ತರ.

ಭೂಮಿಯ ಮೇಲೆ ಯಾರೂ ಕಾಣದ ವಸ್ತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. ಅದು ಲೋಹವಿರಬೇಕೆಂಬ ಊಹೆಯಿಂದ, ಸೋಡಿಯಂ, ಪೊಟ್ಯಾಸಿಯಂಗಳಲ್ಲಿರುವಂತೆ ‘ಇಯಂ’ ಎಂಬ ಕೊನೆ ಸೇರಿತು. 1895ರಲ್ಲಿ ಬ್ರಿಟನ್ನಿನ ರಸಾಯನವಿಜ್ಞಾನಿ ರ್‍ಯಾಮ್ಸೆ ಯುರೇನಿಯಂ ಇರುವ ಖನಿಜವೊಂದರಿಂದ ಅದನ್ನು ಹೊರತೆಗೆದಾಗ ಅದು ಲೋಹವಲ್ಲ, ಅನಿಲವೆಂದು ತಿಳಿಯಿತು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಶಾಲೆಯಲ್ಲಿ ನಾವು ಕಲಿತದ್ದು ‘ಹೀಲಿಯಂ ಒಂದು ಜಡ ಅನಿಲ’ ಎಂಬ ಒಂದೇ ವಾಕ್ಯ. ಅದು ತಪ್ಪಲ್ಲ, ಆದರೆ ಅದರ ಹಿಂದಿನ 27 ವರ್ಷಗಳ ಸಂದೇಹ, ಅಳತೆ, ತಪ್ಪೂಹೆ ಯಾವುದೂ ಅದರಲ್ಲಿಲ್ಲ. ಜನಪ್ರಿಯ ಪುಸ್ತಕಗಳಲ್ಲಿಯೂ ಕೆಲವು ಅವಸರಪಟ್ಟು, ಹೀಲಿಯಂ ಗುಂಟೂರಿನಲ್ಲಿ ಒಬ್ಬರಿಗೆ ಒಂದೇ ದಿನ ಸಿಕ್ಕಿತೆಂದು ಬರೆದುಬಿಡುತ್ತವೆ. ಸರಳವಾಗಿ ಹೇಳುವುದಕ್ಕೂ ಸುಳ್ಳಾಗುವಷ್ಟು ಚಿಕ್ಕದಾಗಿ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಬರೆಯುವವರು ಮರೆಯಬಾರದು.

ಇಂಥ ಕಥೆಯನ್ನು ಓದುಗರ ಮನೆಮಾತಿನಲ್ಲೇ ಹೇಳಬೇಕೆಂಬ ಹಂಬಲ ಹಳೆಯದು. ಗೆಲಿಲಿಯೊ 1632ರಲ್ಲಿ ಭೂಮಿ ನಡುವಿರುವ ಮತ್ತು ಸೂರ್ಯ ನಡುವಿರುವ ಎರಡು ವಿಶ್ವವ್ಯವಸ್ಥೆಗಳ ಚರ್ಚೆಯನ್ನು ವಿದ್ವಾಂಸರ ಲ್ಯಾಟಿನ್ನಿನಲ್ಲಿ ಬರೆಯದೆ, ಮೂವರ ಮಾತುಕತೆಯಾಗಿ ಇಟಾಲಿಯನ್ನಿನಲ್ಲಿ ಬರೆದರು. ನಮ್ಮ ಬೆಂಗಳೂರಿನಲ್ಲಿ 1918ರಲ್ಲಿಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಟಿತು. ಅದರ ಸಂಪಾದಕರಲ್ಲೊಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರು, ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಹಳಗನ್ನಡದ ಪದ್ಯವೊಂದರ ಪಾಠಾಂತರಗಳನ್ನು ತೂಗಿ ನೋಡುವ ಮನಸ್ಸಿಗೆ ಬೆಳಕಿನ ನಿಯಮವನ್ನು ಕನ್ನಡದಲ್ಲಿ ಹೇಳುವುದು ಬೇರೆ ಕೆಲಸವೆಂದು ತೋರಿರಲಿಕ್ಕಿಲ್ಲ. ಪತ್ರಿಕೆ ಬಾಳಿದ್ದು ಎರಡೇ ವರ್ಷ. ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಅವೆನ್ಯೂ ರಸ್ತೆಯ ಆ ಪುಸ್ತಕಕ್ಕೆ ಈಗ ಹೊಸ ರಟ್ಟು ಹಾಕಿಸಿದ್ದೇನೆ. ಅಂಚನ್ನು ಕತ್ತರಿಸಬೇಡಿ ಎಂದು ಬೈಂಡಿಂಗ್ ಮಾಡುವವರಿಗೆ ಎರಡೆರಡು ಸಲ ಹೇಳಿದ್ದೆ; ಪೆನ್ಸಿಲಿನ ಆ ಸಾಲು ಹಾಗೆಯೇ ಇದೆ.

ನಮಸ್ಕಾರ.