ಸವೆದ ಟೈರು, ಮುಪ್ಪಾದ ಟೈರು

(ಹಾಸನ ಜಿಲ್ಲೆಯ ಹಳ್ಳಿಯೊಂದರ ಹಾಲಿನ ಡೈರಿಯಲ್ಲಿ ರೈತರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಹಾಲು ಹಾಕಿ ಹಾಗೇ ಕೂತಿದ್ದೀರಿ. ಮನೆಯಲ್ಲಿ ಕೆಲಸ ಕಾಯುತ್ತಿರುತ್ತದೆ ಅಂತ ಗೊತ್ತು. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹೊಸ ಟ್ರ್ಯಾಕ್ಟರ್ ಬೇಕು ಅಂದರೆ ಸಾಲ ಸಿಗುತ್ತದೆ, ಮಾರುವವರು ಮನೆ ಬಾಗಿಲಿಗೇ ಬರುತ್ತಾರೆ. ಅದೇ ಟ್ರ್ಯಾಕ್ಟರಿಗೆ ಇಪ್ಪತ್ತು ವರ್ಷ ಆದಮೇಲೆ ಟೈರು ಬೇಕು ಅಂದಾಗ ಹೇಳಿಕೊಡುವವರು ಯಾರೂ ಇರುವುದಿಲ್ಲ. ನಮ್ಮ ಮನೆಯಲ್ಲಿ ಮ್ಯಾಸಿ 1035 ಇದೆ. ಅಪ್ಪ ತಂದಿದ್ದು. ಎಂಜಿನ್ ಒಂದು ಸಲ ಬಿಚ್ಚಿ ಕಟ್ಟಿಸಿದ್ದು ಬಿಟ್ಟರೆ ಗಾಡಿ ಗಟ್ಟಿಯಾಗಿದೆ. ಆದರೆ ಟೈರಿನ ವಿಷಯದಲ್ಲಿ ನಾನು ಒಂದು ಸಲ ಚೆನ್ನಾಗಿ ಪೆಟ್ಟು ತಿಂದೆ. ಅದನ್ನು ಮೊದಲು ಹೇಳುತ್ತೇನೆ.

2022ರ ಮೇ ತಿಂಗಳು. ಕೃತ್ತಿಕೆ ಮಳೆ ಬಂದು ಹೊಲ ಹದವಾಗಿತ್ತು. ಜಲಂಧರದ ಆಲೂಗೆಡ್ಡೆ ಬೀಜ ತಂದು, ಕತ್ತರಿಸಿ, ಔಷಧಿಗೆ ಅದ್ದಿ ಇಟ್ಟಿದ್ದೆವು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಹಿಂದಿನ ಎರಡು ದೊಡ್ಡ ಟೈರು ಬದಲಾಯಿಸಿದ್ದೆ. ರೀಬಟನ್ ಮಾಡಿದ್ದ ಟೈರುಗಳು, ಅಂದರೆ ಹಳೆ ಟೈರಿನ ಮೇಲೆ ಹೊಸ ಬಟನ್, ನೆಲ ಕಚ್ಚುವ ರಬ್ಬರಿನ ಉಬ್ಬುಗಳನ್ನು, ಕೂರಿಸಿದ್ದು. ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ಬೆಲೆಯೂ ಹೊಸದರ ಅರ್ಧಕ್ಕಿಂತ ಕಡಿಮೆ. ಎರಡನೇ ಎಕರೆ ಉಳುವ ಹೊತ್ತಿಗೆ ಬಲಗಡೆ ಟೈರಿನ ರಬ್ಬರು ಪದರ ಪದರವಾಗಿ ಕಿತ್ತುಕೊಂಡು ಬಂತು. ಒಳಗೆ ನೂಲು ಕಾಣುತ್ತಿತ್ತು. ಬಾಡಿಗೆ ಟ್ರ್ಯಾಕ್ಟರ್ ಸಿಗುವುದಕ್ಕೆ ಎರಡು ದಿನ ಬೇಕಾಯಿತು. ಕತ್ತರಿಸಿದ ಬೀಜ ಕಾಯುವುದಿಲ್ಲ, ನಿಮಗೆ ಗೊತ್ತಲ್ಲ. ಒಂದಷ್ಟು ಮೂಟೆ ಕೊಳೆತವು.

ಟೈರನ್ನು ಪಂಚರ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿನ ಹುಡುಗ ಚಿಂದಿ ತಗೊಂಡು ಟೈರಿನ ಪಕ್ಕದ ಗೋಡೆಯ ಪಾಲಿಶ್ ಉಜ್ಜಿ, ನಾಲ್ಕು ಅಂಕಿ ತೋರಿಸಿದ: 0910. ಅಂದರೆ 2010ನೇ ಇಸವಿಯ ಒಂಬತ್ತನೇ ವಾರದಲ್ಲಿ ತಯಾರಾದ ಟೈರು. ಮೇಲಿನ ಬಟನ್ ಹೊಸದು, ಒಳಗಿನ ಮೈ ಹನ್ನೆರಡು ವರ್ಷದ್ದು. "ಅಣ್ಣ, ಇದು ಸವೆದು ಹೋಗಿದ್ದಲ್ಲ, ವಯಸ್ಸಾಗಿ ಹೋಗಿದ್ದು" ಅಂದ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಅದೇ ಮಾತು.

ಟೈರು ಎರಡು ರೀತಿಯಲ್ಲಿ ಸಾಯುತ್ತದೆ. ಕೆಲವು ಸವೆದು ಸಾಯುತ್ತವೆ. ಕೆಲವು ಮುಪ್ಪಾಗಿ ಸಾಯುತ್ತವೆ. ಟ್ರೈಲರ್ ಕಟ್ಟಿಕೊಂಡು ದಿನಾ ಜಲ್ಲಿ, ಇಟ್ಟಿಗೆ ಹೊಡೆಯುವವನ ಟೈರು ಡಾಂಬರಿಗೆ ಉಜ್ಜಿ ಉಜ್ಜಿ ಬೇಗ ಬೋಳಾಗುತ್ತದೆ. ಆದರೆ ಅದರ ಮೈ ಇನ್ನೂ ಎಳೆಯದು. ನಮ್ಮಂಥವರದು ಬೇರೆ ಕಥೆ. ನಾನು ನಮ್ಮ ಗಾಡಿಯ ಗಂಟೆ ಮೀಟರ್ ನೋಡಿ ಬರೆದಿಟ್ಟಿದ್ದೇನೆ. ವರ್ಷಕ್ಕೆ 180 ಗಂಟೆ ಓಡಿದರೆ ಹೆಚ್ಚು. ಉಳಿದ ದಿನವೆಲ್ಲ ಹುಣಸೆ ಮರದ ಕೆಳಗೆ ನಿಂತಿರುತ್ತದೆ. ಅರ್ಧ ದಿನ ನೆರಳು, ಅರ್ಧ ದಿನ ಬಿಸಿಲು. ಬಟನ್ ಹಾಗೇ ಇರುತ್ತದೆ, ರಬ್ಬರು ಒಣಗಿ ಬಿರುಕು ಬಿಡುತ್ತದೆ.

ಈ ವ್ಯತ್ಯಾಸ ಹಿಡಿದುಕೊಂಡರೆ ಕಡಿಮೆ ಬೆಲೆಯ ಟೈರು ಯಾವುದು ಅನ್ನುವುದಕ್ಕೆ ದಾರಿ ಸಿಗುತ್ತದೆ. ರೀಬಟನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ರಸ್ತೆ ಮೇಲೆ ಜಾಸ್ತಿ ಓಡಿಸಿ ನಾಲ್ಕೈದು ವರ್ಷಕ್ಕೇ ಬಟನ್ ಸವೆಸಿದವರು ತಮ್ಮದೇ ಟೈರಿಗೆ ರೀಬಟನ್ ಮಾಡಿಸಲಿ, ಅದು ಲಾಭವೇ. ಅದರ ಮೈ ಹೇಗಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ ಮೈ ಮೇಲೆ ಹೊಸ ಬಟನ್ ಕೂರಿಸಿದ್ದನ್ನು ಮಾತ್ರ ತಾರೀಕು ನೋಡದೆ ತರಬೇಡಿ. ಆ ನಾಲ್ಕು ಅಂಕಿಯಲ್ಲಿ ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. ಅಂಕಿ ಉಜ್ಜಿ ಅಳಿಸಿದ್ದರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಸೆಕೆಂಡ್ ಹ್ಯಾಂಡ್ ವಿಷಯ. ನನಗೆ ಇದರಲ್ಲೇ ಜಾಸ್ತಿ ನಂಬಿಕೆ.

ನಮ್ಮ ಜಿಲ್ಲೆಯನ್ನೇ ನೋಡಿ. ಆಲೂರು, ಸಕಲೇಶಪುರ, ಅರಕಲಗೂಡಿನ ಕಡೆ ಗದ್ದೆ ಇದೆ. ಕೆಸರಿನಲ್ಲಿ ಉಳುವವರಿಗೆ ಬಟನ್ ಪೂರ್ತಿ ಎತ್ತರ ಇರಬೇಕು. ಅರ್ಧ ಸವೆದರೂ ಕೆಸರು ತುಂಬಿಕೊಂಡು ಚಕ್ರ ಸುಮ್ನೆ ಸುತ್ತುತ್ತದೆ. ಗದ್ದೆ ಬಾಡಿಗೆಗೆ ಹೋಗುವವರು ಅಂಥ ಟೈರು ಇಟ್ಟುಕೊಂಡು ದುಡಿಯುವುದಕ್ಕೆ ಆಗುವುದಿಲ್ಲ, ತೆಗೆದು ಹೊಸದು ಹಾಕುತ್ತಾರೆ. ಈಗ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಗೆ ಬನ್ನಿ. ರಾಗಿ ಹೊಲ, ತೆಂಗಿನ ತೋಟ. ಒಣ ಕೆಂಪು ಮಣ್ಣು. ಇಲ್ಲಿ ಅರ್ಧ ಬಟನ್ ಇದ್ದರೂ ಕುಂಟೆ, ಕಲ್ಟಿವೇಟರ್ ಆರಾಮವಾಗಿ ಎಳೆಯುತ್ತದೆ. ಅವರಿಗೆ ಬೇಡವಾಗಿದ್ದು ಇವರಿಗೆ ಇನ್ನೂ ಆರೇಳು ವರ್ಷ ಬರುತ್ತದೆ. ಒಂದೇ ಜಿಲ್ಲೆಯೊಳಗೆ ಒಬ್ಬರ ಹಳೆಯದು ಇನ್ನೊಬ್ಬರ ಹೊಸದು ಆಗಬಹುದು. ಆದರೆ ಆ ಟೈರು ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತದೆ, ನಾವು ಸಾಲ ಮಾಡಿ ಹೊಸದು ತರುತ್ತೇವೆ. ಇದು ನನಗೆ ತುಂಬಾ ಬೇಜಾರು ತರಿಸುವ ವಿಷಯ.

ಅದಕ್ಕೇ ನಾಟಿ ಮುಗಿದ ಮೇಲೆ, ಅಂದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಗದ್ದೆ ಸೀಮೆಯ ನೆಂಟರಿಗೆ ಒಂದು ಫೋನ್ ಮಾಡಿ. ಮಾವ, ಭಾವ ಯಾರಾದರೂ ಇದ್ದೇ ಇರುತ್ತಾರೆ ಅಲ್ವಾ? ಅಲ್ಲಿ ಬಾಡಿಗೆ ಓಡಿಸುವವರು ಯಾರು, ಯಾರು ಟೈರು ಬಿಚ್ಚುತ್ತಿದ್ದಾರೆ ಅಂತ ಕೇಳಿ. ಮೇ ತಿಂಗಳಲ್ಲಿ ಹೊರಡಬೇಡಿ. ಮಳೆ ತಲೆ ಮೇಲೆ ಬಂದಾಗ ಹೊರಟವನು ಕೇಳಿದಷ್ಟು ಕೊಟ್ಟೇ ಬರಬೇಕು. ನನಗೂ ಆಗಿದ್ದು ಅದೇ, ಏಪ್ರಿಲ್‌ನಲ್ಲಿ ಅವಸರ ಬಿದ್ದಿದ್ದು.

ನೋಡಲು ಹೋದಾಗ ಮೊದಲು ತಾರೀಕು ನೋಡಿ. ಆಮೇಲೆ ಪಕ್ಕದ ಗೋಡೆಯನ್ನು ಬೆರಳಿನಿಂದ ಒತ್ತಿ, ಬಾಗಿಸಿ ನೋಡಿ. ಕೂದಲೆಳೆಯಂಥ ಬಿರುಕು ಇದ್ದರೆ ಪರವಾಗಿಲ್ಲ. ಬಿರುಕಿನೊಳಗೆ ನೂಲು ಕಂಡರೆ ಬೇಡ. ಒಳಗೆ ಕೈ ಹಾಕಿ ತಡವಿ. ಗೇಟರ್, ಅಂದರೆ ಒಳಗಿನಿಂದ ಹಾಕುವ ತೇಪೆ, ಹಾಕಿದ್ದಾರಾ, ಎಲ್ಲಾದರೂ ಉಬ್ಬಿದೆಯಾ, ನೂಲು ತುಂಡಾಗಿದೆಯಾ ಗೊತ್ತಾಗುತ್ತದೆ. ರಿಮ್ಮಿಗೆ ಕೂರುವ ಅಂಚಿನಲ್ಲಿ ತಂತಿ ಹೊರಗೆ ಇಣುಕಿದ್ದರೂ ಬೇಡ. ಮತ್ತೆ, ಯಾವಾಗಲೂ ಜೋಡಿ ತನ್ನಿ. ಒಂದು ಹೊಸದು, ಒಂದು ಬೋಳು ಹಾಕಿದರೆ ಎರಡರ ಸುತ್ತಳತೆ ಬೇರೆಯಾಗುತ್ತದೆ. ಎರಡು ಹಿಂದಿನ ಚಕ್ರಕ್ಕೂ ಶಕ್ತಿ ಹಂಚುವ ಗೇರು, ಅದೇ ಡಿಫರೆನ್ಷಿಯಲ್, ಅದಕ್ಕೆ ನೇರ ದಾರಿಯಲ್ಲೂ ಬಿಡುವು ಇರುವುದಿಲ್ಲ, ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತದೆ.

ಸೈಜಿನ ಗೊಂದಲ ಒಂದಿದೆ. ಹಳೆ ಗಾಡಿಯ ಪುಸ್ತಕದಲ್ಲಿ 11-28 ಅಂತ ಇರಬಹುದು. ಅಂಗಡಿಯಲ್ಲಿ ಕೇಳಿದರೆ ಅಂಥ ಸೈಜೇ ಇಲ್ಲ ಎನ್ನುತ್ತಾರೆ. ಅದು ಬೇರೇನೂ ಅಲ್ಲ, ಈಗಿನ 12.4-28. ಹಾಗೆಯೇ ಹಳೆಯ 12-28 ಈಗಿನ 13.6-28. ಮೊದಲ ಅಂಕಿ ಟೈರಿನ ಅಗಲ, 28 ರಿಮ್ಮಿನ ಅಳತೆ, ಎರಡೂ ಅಂಗುಲದಲ್ಲಿ. 13.6 ಟೈರು ಸುಲಭವಾಗಿ ಸಿಗುತ್ತದೆ ಅಂತ 12.4ರ ಜಾಗಕ್ಕೆ ಹಾಕುವವರಿದ್ದಾರೆ. ಹಾಕಬಹುದು, ಆದರೆ ರಿಮ್ ನೋಡಿ. ರಿಮ್ಮಿನ ಮೇಲೆ ಡಬ್ಲ್ಯೂ 11 ಅಂತ ಒತ್ತಿದ್ದರೆ ಎರಡೂ ಕೂರುತ್ತವೆ. ಡಬ್ಲ್ಯೂ 10 ಆದರೆ 12.4 ಮಾತ್ರ. ದೊಡ್ಡದು ಹಾಕಿದರೆ ಎತ್ತರ ಸುಮಾರು ಎರಡು ಅಂಗುಲ ಜಾಸ್ತಿ ಆಗುತ್ತದೆ. ಮಡ್‌ಗಾರ್ಡಿಗೆ ತಾಗುತ್ತದಾ ಅಂತ ಮೊದಲೇ ಅಳೆಯಿರಿ.

ಮುಂದಿನ ಚಿಕ್ಕ ಟೈರಿಗೆ ನಮ್ಮ ಮಲೆನಾಡಿನ ಕಡೆ ಒಂದು ಉಪಾಯ ಇದೆ. ಹಳೆ ಜೀಪಿನ ಟೈರೂ 6.00-16, ಟ್ರ್ಯಾಕ್ಟರಿನ ಮುಂದಿನದೂ 6.00-16. ಸಕಲೇಶಪುರ, ಮೂಡಿಗೆರೆಯಲ್ಲಿ ಜೀಪಿಗೆ ಬರವಿಲ್ಲ. ಆ ಟೈರು ತಂದು ಹಾಕುತ್ತಾರೆ. ತೋಟದಿಂದ ಕಣಕ್ಕೆ ಟ್ರೈಲರ್ ಎಳೆಯುವುದಷ್ಟೇ ಕೆಲಸ ಅಂದರೆ ನಡೆಯುತ್ತದೆ. ಉಳುಮೆಗೆ ಬೇಡ. ಟ್ರ್ಯಾಕ್ಟರಿನ ಮುಂದಿನ ಟೈರಿನಲ್ಲಿ ಉದ್ದಕ್ಕೆ ಮೂರು ಏಣು ಇರುತ್ತವಲ್ಲ, ಅವು ಮಣ್ಣನ್ನು ಕಚ್ಚಿ ಹಿಡಿದರೆ ಮಾತ್ರ ಗಾಡಿ ತಿರುಗುತ್ತದೆ. ಜೀಪಿನ ಟೈರಿಗೆ ಮಣ್ಣು ಮೆತ್ತಿಕೊಂಡರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಬದುವಿನ ಹತ್ತಿರ ಅದು ಅಪಾಯ. ಟ್ರ್ಯಾಕ್ಟರ್ ಟೈರನ್ನು ಜೀಪಿಗಂತೂ ಯಾವತ್ತೂ ಹಾಕಬೇಡಿ. ಗಂಟೆಗೆ 30, 40 ಕಿಲೋಮೀಟರಿಗೆ ಮಾಡಿದ ಟೈರು ಅದು.

ಈಗ ಒಂದು ಪ್ರಶ್ನೆ. ನಿಮಗೆ ನಿಜವಾಗಿ ಟೈರು ಬೇಕಾ? "ಗಾಡಿ ಜಾರುತ್ತಿದೆ, ಟೈರು ಹೋಯಿತು" ಎನ್ನುವವರಲ್ಲಿ ಎಷ್ಟೋ ಜನರಿಗೆ ಗಾಳಿ ಸರಿಯಿರುವುದಿಲ್ಲ. ಟ್ರೈಲರ್ ಎಳೆಯುವಾಗ ತುಂಬಿಸಿದ ಗಾಳಿಯಲ್ಲೇ ಹೊಲಕ್ಕೆ ಇಳಿಯುತ್ತಾರೆ. ಟೈರು ಕಲ್ಲಿನ ಹಾಗೆ ಉಬ್ಬಿರುತ್ತದೆ, ನಡುವಿನ ಬಟನ್ ಮಾತ್ರ ನೆಲ ಮುಟ್ಟುತ್ತದೆ. ಹೊಲದಲ್ಲಿ ಹಿಂದಿನ ಟೈರಿಗೆ 12ರಿಂದ 15 ಪೌಂಡ್ ಸಾಮಾನ್ಯವಾಗಿ ಸಾಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಿಂದಿನ ಚಕ್ರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೇಗಿಲು ಎತ್ತಿಕೊಂಡು ಹೊಲದಲ್ಲಿ ಚಕ್ರ ಹತ್ತು ಸುತ್ತು ಸುತ್ತುವಷ್ಟು ದೂರ ಓಡಿಸಿ, ಅಳೆಯಿರಿ. ನಮ್ಮ ಗಾಡಿಯದು 39 ಮೀಟರ್ ಬಂತು. ಆಮೇಲೆ ಅದೇ ಗೇರಿನಲ್ಲಿ ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. 33 ಮೀಟರ್ ಬಂತು. ಆರು ಮೀಟರ್ ಜಾರಾಟದಲ್ಲಿ ಹೋಯಿತು, ನೂರಕ್ಕೆ ಸುಮಾರು 15. ಅಷ್ಟರವರೆಗೆ ಸರಿ. ಇಪ್ಪತ್ತು, ಇಪ್ಪತ್ತೈದು ಬಂದರೆ ಡೀಸೆಲ್ ಸುಮ್ನೆ ಸುಡುತ್ತಿದೆ ಅಂತ ಅರ್ಥ. ಆಗಲೂ ಮೊದಲು ಗಾಳಿ ಸರಿ ಮಾಡಿ. ಆಮೇಲೆ ನೀರು ತುಂಬಿಸಿ.

ನೀರು ತುಂಬಿಸುವುದು ಅಪ್ಪನ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು, ಈಗ ಮರೆತಿದ್ದೇವೆ. ಜಾಕ್ ಕೊಟ್ಟು ಚಕ್ರ ಎತ್ತಿ, ವಾಲ್ವ್ ಮೇಲಕ್ಕೆ ಬರುವ ಹಾಗೆ ತಿರುಗಿಸಿ, ವಾಲ್ವಿನ ಮಟ್ಟದವರೆಗೆ ಟ್ಯೂಬಿಗೆ ನೀರು ಬಿಡುವುದು. ಆಗ ಮುಕ್ಕಾಲು ಭಾಗ ತುಂಬುತ್ತದೆ. ಉಳಿದಿದ್ದಕ್ಕೆ ಗಾಳಿ. ಒಂದೊಂದು ಟೈರಿಗೆ ನೂರು ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಅಂದರೆ ಖರ್ಚಿಲ್ಲದೆ ಒಂದೊಂದು ಕಡೆ ನೂರು ಕಿಲೋ ಮೇಲೆ ತೂಕ ಸಿಕ್ಕಿತು. ಚಳಿ ದೇಶದಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ನಮಗೆ ಬಾವಿ ನೀರೇ ಸಾಕು. ಗದ್ದೆಗೆ ಇಳಿಯುವ ಮುಂಚೆ ಮಾತ್ರ ತೆಗೆಯಿರಿ, ಇಲ್ಲದಿದ್ದರೆ ಗಾಡಿ ಹೂತುಕೊಳ್ಳುತ್ತದೆ. ಇಷ್ಟು ಮಾಡಿಯೇ ನಮ್ಮೂರಲ್ಲಿ ಇಬ್ಬರು ಟೈರು ಕೊಳ್ಳುವುದನ್ನು ಎರಡು ವರ್ಷ ಮುಂದಕ್ಕೆ ಹಾಕಿದರು.

ಎಲ್ಲ ಮಾಡಿಯೂ ಹೊಸದೇ ಬೇಕು ಅಂದರೆ, ಈಗ ಒಂದು ಅನುಕೂಲ ಇದೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು, ಟ್ಯೂಬಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 20,000 ರೂಪಾಯಿಯ ಟೈರು ಅಂತ ಇಟ್ಟುಕೊಳ್ಳಿ. ಮೊದಲು ತೆರಿಗೆಯೇ 3,600 ಆಗುತ್ತಿತ್ತು, ಈಗ 1,000. ಜೋಡಿಗೆ 5,200 ಉಳಿಯಿತು. ಬಿಲ್ಲು ಕೇಳಿ, ಎಷ್ಟು ಹಾಕಿದ್ದಾರೆ ನೋಡಿ. ಬಿಲ್ಲಿದ್ದರೆ ವಾರಂಟಿಗೂ ದಾರಿ ಇರುತ್ತದೆ. ಯಾವ ಕಂಪನಿ ಅಂತ ನನ್ನನ್ನು ಎಲ್ಲರೂ ಕೇಳುತ್ತಾರೆ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬಿಕೆಟಿ, ಎಲ್ಲದರಲ್ಲೂ ನಮ್ಮ ಸೈಜು ಬರುತ್ತದೆ. ಹಿರಿಯರು ಮೈಸೂರಿನ ವಿಕ್ರಾಂತ್ ನೆನೆಸಿಕೊಳ್ಳುತ್ತಾರೆ, ಅದು 1997ರಲ್ಲಿ ಜೆಕೆ ಕೈಗೆ ಹೋಯಿತು. ನಾನು ಕಂಪನಿಗಿಂತ ತಾರೀಕು ನೋಡುತ್ತೇನೆ. ಅಂಗಡಿಯಲ್ಲೇ ಮೂರು ವರ್ಷ ಕೂತ ಹೊಸ ಟೈರಿಗೆ ಪೂರ್ತಿ ಬೆಲೆ ಕೊಡಬೇಡಿ. ಬೆಲೆ ಇಳಿಸಿದರೆ ತನ್ನಿ. ಹಳೆ ಟ್ಯೂಬನ್ನು ಹೊಸ ಟೈರಿಗೆ ತುರುಕಬೇಡಿ, ಹಿಗ್ಗಿದ ಟ್ಯೂಬು ಒಳಗೆ ಮಡಚಿಕೊಂಡು ಅಲ್ಲೇ ಹರಿಯುತ್ತದೆ.

ಕೂರಿಸುವಾಗಿನ ಎರಡು ಮಾತು, ಇದು ಜೀವದ ವಿಷಯ. ರಿಮ್ಮಿನ ತುಕ್ಕು ಉಜ್ಜಿ, ಅಂಚಿಗೆ ಸೋಪಿನ ನೀರು ಹಚ್ಚಿ. ಗ್ರೀಸ್, ಡೀಸೆಲ್ ಬೇಡ, ರಬ್ಬರು ಕೆಡುತ್ತದೆ. ಟೈರಿನ ಅಂಚು ರಿಮ್ಮಿಗೆ ಕೂರಲಿಲ್ಲ ಅಂತ ಗಾಳಿ ಏರಿಸುತ್ತಾ ಹೋಗಬೇಡಿ. 35 ಪೌಂಡಿಗೂ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ಬಿಚ್ಚಿ, ಮತ್ತೆ ಸೋಪು ಹಚ್ಚಿ. ಒಳಗಿನ ತಂತಿ ತುಂಡಾಗಿ ಸಿಡಿದರೆ ಮೇಲೆ ಬಗ್ಗಿದ್ದವನು ಉಳಿಯುವುದಿಲ್ಲ. ಮಕ್ಕಳನ್ನು ದೂರ ನಿಲ್ಲಿಸಿ. ಇನ್ನು ಬಟನ್ನಿನ ದಿಕ್ಕು: ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದಾಗ ಬಟನ್ ಸಾಲು ಮಾಡುವ ಬಾಣದ ಮೊನೆ ಮೇಲಕ್ಕೆ ಇರಬೇಕು. ತಿರುಗುಮುರುಗಾದರೆ ಹಿಡಿತ ಅಲ್ಲೇ ಹೋಯಿತು.

ಹೊರಗೆ ಮೂರು ಟ್ರ್ಯಾಕ್ಟರ್ ನಿಂತಿವೆ. ನಾನು ಟೇಪು, ಸೀಮೆಸುಣ್ಣ, ಗಾಳಿ ನೋಡುವ ಗೇಜು ತಂದಿದ್ದೇನೆ. ಪ್ರಶ್ನೆಗಳನ್ನು ಅಲ್ಲೇ ಕೇಳಿ. ಮೊದಲು ಮೂರರ ತಾರೀಕೂ ಓದೋಣ, ಬನ್ನಿ. ಯಾರಾದರೂ ಒಂದು ಚಿಂದಿ ಬಟ್ಟೆ ತನ್ನಿ, ಕೆಸರು ಒರೆಸಬೇಕು.