ಹನ್ನೆರಡನೇ ಕಂತಿನಲ್ಲಿ ಏನಾಗುತ್ತೆ?

ಕೇಳುಗರಿಗೆಲ್ಲ ನಮಸ್ಕಾರ.

ಜಪಾನಿನ ಟೀವಿಯಲ್ಲಿ 2025ರ ಬೇಸಿಗೆ ಸೀಸನ್ ಮುಗಿದಿದೆ. ಬೇಸಿಗೆ ಅಂದರೆ ನಮ್ಮ ಏಪ್ರಿಲ್-ಮೇ ಅಲ್ಲ, ಅವರ ಜುಲೈ, ಆಗಸ್ಟ್, ಸೆಪ್ಟೆಂಬರ್. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ನೋಡುವವರಿಗೆಲ್ಲ ಸೀಸನ್ ಮುಗಿದರೆ ಲೆಕ್ಕ ಒಪ್ಪಿಸುವ ಸಮಯ. ಯಾವುದು ಚೆನ್ನಾಗಿತ್ತು, ಯಾವುದು ಅರ್ಧಕ್ಕೇ ಬೇಜಾರಾಯಿತು, ಯಾವುದು ಮುಂದುವರಿಯುತ್ತೆ ಅಂತ ಮಾತು ನಡೆಯುತ್ತಿರುತ್ತದೆ. ನಾನೂ ನನ್ನ ಲೆಕ್ಕ ಒಪ್ಪಿಸುತ್ತೇನೆ. ಆದರೆ ಚಿತ್ರ ಹೇಗಿತ್ತು, ಹಾಡು ಹೇಗಿತ್ತು ಅನ್ನೋದನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳುತ್ತೇನೆ. ಕಥೆ ಎಲ್ಲಿ ನಿಂತಿತು? ಯಾಕೆ ಅಲ್ಲೇ ನಿಂತಿತು?

ಅಲ್ಲಿನ ಪದ್ಧತಿ ಮೊದಲು ಹೇಳಿಬಿಡುತ್ತೇನೆ. ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ಪಾಲು ಮಾಡುತ್ತಾರೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸ ಸರಣಿಗಳು ಶುರುವಾಗುತ್ತವೆ. ಒಂದು ಪಾಲಿಗೆ ಕೂರ್ ಅಂತ ಹೆಸರು. ವಾರಕ್ಕೊಂದು ಕಂತಿನ ಹಾಗೆ ಹನ್ನೆರಡೋ ಹದಿಮೂರೋ ಕಂತು, ಅಷ್ಟೇ. ಹೆಚ್ಚಿನವು ಬರೋದು ಮನೆಮಂದಿಯೆಲ್ಲ ಮಲಗಿದ ಮೇಲೆ, ಮಧ್ಯರಾತ್ರಿಯ ಆಸುಪಾಸಿನಲ್ಲಿ. ದುಡ್ಡು ಹಾಕೋದು ಒಬ್ಬರಲ್ಲ. ಪುಸ್ತಕದ ಪ್ರಕಾಶಕರು, ಹಾಡಿನ ಕಂಪನಿ, ಆಟಿಕೆ ಕಂಪನಿ, ಟೀವಿ ವಾಹಿನಿ ಎಲ್ಲ ಸೇರಿ ಒಂದು ನಿರ್ಮಾಣ ಸಮಿತಿ ಮಾಡಿಕೊಳ್ಳುತ್ತಾರೆ. ಚಿತ್ರ ಬರೆಯುವ ಸ್ಟುಡಿಯೋದವರು ಎಷ್ಟೋ ಸಲ ಕೂಲಿಗೆ ದುಡಿಯುವವರು ಮಾತ್ರ. ಪ್ರಕಾಶಕರಿಗೆ ಬೇಕಾಗಿರೋದು ಒಂದೇ, ಮೂಲ ಮಾಂಗಾ ಪುಸ್ತಕ ಖರ್ಚಾಗಬೇಕು. ಮಾಂಗಾ ಅಂದರೆ ಗೊತ್ತಲ್ಲ, ಜಪಾನಿನ ಚಿತ್ರಕಥೆ. ಹಾಗಾಗಿ ಸರಣಿ ನಡುದಾರಿಯಲ್ಲಿ ನಿಂತರೆ ಸಮಿತಿಗೆ ಅದೇನೂ ಮುಜುಗರದ ಸಂಗತಿ ಅಲ್ಲ. ಮುಂದಿನದ್ದು ಬೇಕಾ? ಪುಸ್ತಕ ಕೊಂಡು ಓದಿ.

ಹಿಂದಿನ ಪದ್ಧತಿ ಇದಕ್ಕಿಂತ ಚೆನ್ನಾಗಿತ್ತು ಅಂತ ಮಾತ್ರ ನಾನು ಹೇಳಲ್ಲ. ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' 1963ರ ಜನವರಿ 1ರಂದು ಶುರುವಾಗಿ ವಾರವಾರ ಓಡಿತು, ಒಟ್ಟು 193 ಕಂತು. ಆಮೇಲೆ ಬಂದ ಎಷ್ಟೋ ಜನಪ್ರಿಯ ಸರಣಿಗಳೂ ಬಿಡುವಿಲ್ಲದೆ ಓಡಿದವು. ಪತ್ರಿಕೆಯಲ್ಲಿ ಮಾಂಗಾ ನಿಧಾನಕ್ಕೆ ಬರುತ್ತದೆ, ಟೀವಿ ಅದನ್ನು ಹಿಂದೆ ಹಾಕಿಬಿಡುತ್ತದೆ. ಆಗ ಏನು ಮಾಡಬೇಕು? ಮೂಲದಲ್ಲಿ ಇಲ್ಲದ ಕಥೆ ತುರುಕಬೇಕು. 'ನರುಟೊ' ಮೊದಲ ಸರಣಿಯಲ್ಲಿ 220 ಕಂತು. ಅದರ ಕೊನೆಯ 80ಕ್ಕೂ ಹೆಚ್ಚು ಕಂತು ಬರೀ ತುರುಕಿದ್ದು. ಅದನ್ನು ಪೂರ್ತಿ ನೋಡಿದವರ ತಾಳ್ಮೆ ದೊಡ್ಡದು. ಇವತ್ತಿನ ಸೀಸನ್ ಪದ್ಧತಿ ಆ ಕಾಯಿಲೆಗೆ ಮದ್ದು ಕೊಟ್ಟಿತು. ಜೊತೆಗೆ ತನ್ನದೇ ಇನ್ನೊಂದು ಕಾಯಿಲೆ ತಂತು.

ಆ ಕಾಯಿಲೆ ಎದ್ದು ಕಂಡಿದ್ದು 'ದಂದದಾನ್'ನಲ್ಲಿ. ಯುಕಿನೊಬು ತಾತ್ಸು ಅವರ ಮಾಂಗಾ, ಸೈನ್ಸ್ ಸಾರು ಸ್ಟುಡಿಯೋದ ಕೆಲಸ. ಮೊಮೊ ಅನ್ನುವ ಹುಡುಗಿಗೆ ದೆವ್ವದ ಮೇಲೆ ನಂಬಿಕೆ, ಅನ್ಯಗ್ರಹದವರ ಮೇಲಿಲ್ಲ. ಒಕರುನ್ ಅನ್ನುವ ಹುಡುಗ ಇದಕ್ಕೆ ತದ್ವಿರುದ್ಧ. ಇಬ್ಬರೂ ಪಂಥ ಕಟ್ಟುತ್ತಾರೆ. ಒಂದೇ ರಾತ್ರಿಯಲ್ಲಿ ಎರಡೂ ನಿಜ ಅಂತ ಗೊತ್ತಾಗುತ್ತದೆ. ಜೋರಾಗಿ ಓಡುವ ಮುದುಕಿ ದೆವ್ವವೊಂದು ಆ ಹುಡುಗನಿಂದ ಕದ್ದಿದ್ದು ಏನು ಅಂತ ಬಾನುಲಿಯಲ್ಲಿ ಹೇಳೋದು ಕಷ್ಟ, ನೀವೇ ನೋಡಿಕೊಳ್ಳಿ. ಇಷ್ಟು ಪೋಲಿ ತಮಾಷೆಯ ನಡುವೆ ಏಳನೇ ಕಂತು ಬರುತ್ತದೆ. ಉದ್ದ ಕೂದಲಿನ ಒಂದು ದೆವ್ವ, ಅವರು ಅದನ್ನು ಅಕ್ರೋಬ್ಯಾಟಿಕ್ ಸಿಲ್ಕಿ ಅಂತ ಕರೆಯುತ್ತಾರೆ. ಅಲ್ಲಿವರೆಗೆ ಬರೀ ಹೆದರಿಸುತ್ತಿದ್ದ ಅದರ ಹಿಂದಿನ ಜೀವನ ಈ ಕಂತಿನಲ್ಲಿ ತೆರೆದುಕೊಳ್ಳುತ್ತದೆ. ಸಾಲ ಮಾಡಿಕೊಂಡ ಒಂಟಿ ತಾಯಿ, ಪುಟ್ಟ ಮಗಳು. ಬಡತನದಲ್ಲೂ ತಾಯಿ ಕುಣಿಯುತ್ತಾಳೆ, ಮಗಳೂ ಕುಣಿಯುತ್ತಾಳೆ. ಒಂದು ದಿನ ಸಾಲ ಕೊಟ್ಟವರ ಕಡೆಯ ರೌಡಿಗಳು ಬಂದು ಮಗುವನ್ನೇ ಎಳೆದುಕೊಂಡು ಹೋಗುತ್ತಾರೆ. ಮಾತು ತೀರಾ ಕಡಿಮೆ. ಬರೀ ಚಲನೆಯಲ್ಲೇ ಎಲ್ಲ ಹೇಳಿಬಿಡುತ್ತಾರೆ. 2024ರಲ್ಲಿ ಟೀವಿಗೆ ಬಂದ ಅನಿಮೆಗಳಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ ಇಪ್ಪತ್ತು ನಿಮಿಷವನ್ನು ನಾನು ನೋಡಲಿಲ್ಲ.

ಇಂಥ ಸರಣಿಯ ಮೊದಲ ಸೀಸನ್ ಹೇಗೆ ಮುಗಿಯಿತು ಗೊತ್ತಾ? ಡಿಸೆಂಬರ್‌ನಲ್ಲಿ ಹನ್ನೆರಡನೇ ಕಂತು. ಮೊಮೊ ಹೊಸ ಊರಿಗೆ ಬಂದು ಬಿಸಿನೀರಿನ ಕೊಳದಲ್ಲಿ ಸ್ನಾನಕ್ಕೆ ಇಳಿದಿದ್ದಾಳೆ. ಅಪರಿಚಿತ ಗಂಡಸರು ಒಳಗೆ ಬರುತ್ತಾರೆ. ಹುಡುಗಿ ಒಬ್ಬಳೇ. ಅಲ್ಲಿಗೆ ಕಟ್. ಮುಂದಿನ ಕಂತು? ಬರುವ ಜುಲೈಗೆ! ಸಾರು ಬಡಿಸುವಷ್ಟರಲ್ಲಿ ಎಲೆ ಎತ್ತಿಬಿಟ್ಟ ಹಾಗಾಯಿತು. ಕುತೂಹಲದಲ್ಲಿ ನಿಲ್ಲಿಸಬಾರದು ಅಂತಲ್ಲ. ಧಾರಾವಾಹಿ ನೋಡಿ ಬೆಳೆದ ನಮಗೆ ಅದು ಹೊಸದೇನಲ್ಲ. ಆದರೆ ಆ ಕೊನೆಯ ಕಂತಿನಲ್ಲಿ ಯಾವುದೂ ಮುಗಿಯಲಿಲ್ಲ. ಹೊಸ ಊರು, ಹೊಸ ಜನ, ಹೊಸ ಗಂಡಾಂತರ, ಎಲ್ಲ ಆಗ ತಾನೇ ಶುರುವಾಗಿತ್ತು. ಮೂರು ತಿಂಗಳ ಜಾಗ ಮುಗಿಯಿತು, ಅದಕ್ಕೆ ನಿಂತರು. ಅದೂ ಒಂದು ಹುಡುಗಿಯ ಅಸಹಾಯಕ ಸ್ಥಿತಿಯನ್ನೇ ಗಾಳಕ್ಕೆ ಸಿಕ್ಕಿಸಿ ಏಳು ತಿಂಗಳ ಹತ್ತಿರ ಕಾಯಿಸಿದ್ದು ನನಗೆ ಸರಿ ಕಾಣಲಿಲ್ಲ.

2025ರ ಬೇಸಿಗೆಯ ಎರಡನೇ ಸೀಸನ್ ಆ ಮಟ್ಟಿಗೆ ವಾಸಿ. ಮನೆಯನ್ನೇ ಬುದ್ಧನ ವಿಗ್ರಹದಂಥ ರೋಬಾಟ್ ಮಾಡಿಕೊಂಡು ದೈತ್ಯನ ಜೊತೆ ಹೊಡೆದಾಡುತ್ತಾರೆ. ನೋಡೋಕೆ ಒಳ್ಳೆ ಮಜಾ. ಹೊಡೆದಾಟವಾದರೂ ಒಂದು ದಡ ಮುಟ್ಟುತ್ತದೆ. ಮೂರನೇ ಸೀಸನ್ ಕೂಡ ಆಗಲೇ ಘೋಷಣೆಯಾಗಿದೆ.

ಇದೇ ಬೇಸಿಗೆಯಲ್ಲಿ ಬಂದ ಇನ್ನೊಂದು ಸರಣಿಗೆ ಹನ್ನೆರಡರ ಲೆಕ್ಕವೇ ಇರಲಿಲ್ಲ. ಹೆಸರು 'ತಾಕೊಪಿಯ ಮೂಲಪಾಪ'. ತೈಜಾನ್ 5 ಅನ್ನುವ ಹೆಸರಿನಲ್ಲಿ ಬರೆಯುವವರ ಎರಡೇ ಸಂಪುಟದ ಮಾಂಗಾ. ಸ್ಟುಡಿಯೋ ಎನಿಶಿಯಾ ಅದನ್ನು ಟೀವಿಯ ಸಮಯಕ್ಕೆ ಕಟ್ಟದೆ ನೇರ ಆನ್‌ಲೈನ್‌ಗೆ ಮಾಡಿತು. ಆರು ಕಂತು. ಮೊದಲನೆಯದು 40 ನಿಮಿಷದ ಹತ್ತಿರ, ಉಳಿದವು ಅದಕ್ಕಿಂತ ಚಿಕ್ಕವು. ಜೂನ್ ಕೊನೆಗೆ ಶುರುವಾಗಿ ಆಗಸ್ಟ್ ಮೊದಲ ವಾರಕ್ಕೆ ಮುಗಿದೇ ಹೋಯಿತು. ಕಥೆಗೆ ಎಷ್ಟು ಬೇಕೋ ಅಷ್ಟು.

ಹೊರಗಿನಿಂದ ನೋಡಿದರೆ ಇದು ಚಿಕ್ಕ ಮಕ್ಕಳ ಕಾರ್ಟೂನ್. ಆಕ್ಟೋಪಸ್ ಥರದ ಒಂದು ಮುದ್ದು ಪ್ರಾಣಿ, ತಾಕೊಪಿ. ಎಲ್ಲರಿಗೂ ಸಂತೋಷ ಹಂಚೋಕೆ ಬೇರೆ ಗ್ರಹದಿಂದ ಬಂದಿದೆ. ಚೀಲದ ತುಂಬ ಮಾಯದ ಸಾಮಾನು. ಅದಕ್ಕೆ ಸಿಗೋದು ಶಿಜುಕಾ, ನಾಲ್ಕನೇ ತರಗತಿ ಹುಡುಗಿ. ಶಾಲೆಯಲ್ಲಿ ಮರೀನಾ ಅನ್ನುವ ಸಹಪಾಠಿ ಅವಳನ್ನು ದಿನಾ ಗೋಳು ಹೊಯ್ದುಕೊಳ್ಳುತ್ತಾಳೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಇರೋದು ಒಂದು ನಾಯಿ. ತಾಕೊಪಿಗೆ ಕೆಟ್ಟತನ ಅಂದರೆ ಏನು ಅಂತಲೇ ಗೊತ್ತಿಲ್ಲ. ಜಗಳ ಆಗಿದೆಯಾ, ಹಾಗಾದರೆ ಈ ರಾಜಿ ರಿಬ್ಬನ್ ಕಟ್ಟಿಕೊಂಡರೆ ಸರಿಹೋಗುತ್ತೆ ಅಂತ ನಗುನಗುತ್ತಾ ಕೊಡುತ್ತದೆ. ಆ ಹುಡುಗಿ ರಿಬ್ಬನ್ ತೆಗೆದುಕೊಂಡು ಹೋಗಿ ತನ್ನ ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ. ಇದು ಮೊದಲ ಕಂತಿನಲ್ಲೇ ಆಗುವ ಸಂಗತಿ. ಕಾಲವನ್ನು ಹಿಂದಕ್ಕೆ ತಿರುಗಿಸುವ ಒಂದು ಕ್ಯಾಮೆರಾ ತಾಕೊಪಿಯ ಹತ್ತಿರ ಇದೆ. ಅದನ್ನು ಹಿಡಿದುಕೊಂಡು ಮತ್ತೆ ಮತ್ತೆ ಸರಿಮಾಡಲು ಹೋಗುತ್ತದೆ. ಪ್ರತಿ ಸಲವೂ ಒಳ್ಳೆ ಮನಸ್ಸಿನಿಂದಲೇ ಹೋಗುತ್ತದೆ, ಪ್ರತಿ ಸಲವೂ ಇನ್ನಷ್ಟು ಹದಗೆಡುತ್ತದೆ.

ಇಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ವಿಷಯ. ಕಾಟ ಕೊಡುವ ಮರೀನಾಳ ಮನೆಯೊಳಕ್ಕೂ ಕಥೆ ಹೋಗುತ್ತದೆ. ಅವಳ ತಪ್ಪನ್ನು ಮನ್ನಿಸು ಅಂತ ನಮ್ಮನ್ನು ಕೇಳೋದಿಲ್ಲ, ನೋಡು ಅಂತ ಮಾತ್ರ ಹೇಳುತ್ತದೆ. ಇದನ್ನೇ ಹನ್ನೆರಡು ಕಂತಿಗೆ ಎಳೆದಿದ್ದರೆ ನೋವು ಅನ್ನೋದು ಚಪ್ಪಲಿ ಸವೆದ ಹಾಗೆ ಸವೆದುಹೋಗುತ್ತಿತ್ತು. ಒಂದು ಮಾತು ನೆನಪಿಡಿ. ಮುದ್ದು ಪ್ರಾಣಿ ಕಂಡಿತು ಅಂತ ಮಕ್ಕಳ ಮುಂದೆ ಹಚ್ಚಿಬಿಡಬೇಡಿ. ದೊಡ್ಡವರೂ ಮನಸ್ಸು ಗಟ್ಟಿ ಇರುವ ದಿನ ನೋಡೋದು ವಾಸಿ.

'ಹಿಕಾರು ಸತ್ತ ಬೇಸಿಗೆ' ಹನ್ನೆರಡೇ ಕಂತಿನ ಸರಣಿ. ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಬೆಟ್ಟದ ತಪ್ಪಲಿನ ಹಳ್ಳಿ, ಇಬ್ಬರು ಗೆಳೆಯರು, ಯೊಶಿಕಿ ಮತ್ತು ಹಿಕಾರು. ಹಿಕಾರು ಬೆಟ್ಟಕ್ಕೆ ಹೋದವನು ಕಾಣೆಯಾಗಿ, ಒಂದು ವಾರದ ಮೇಲೆ ವಾಪಸ್ ಬಂದಿದ್ದಾನೆ. ಅಂಗಡಿ ಹೊರಗೆ ಇಬ್ಬರೂ ಐಸ್ ಕ್ಯಾಂಡಿ ತಿನ್ನುತ್ತಾ ನಿಂತಿರುವಾಗ ಯೊಶಿಕಿ ಕೇಳುತ್ತಾನೆ, ನೀನು ಹಿಕಾರು ಅಲ್ಲ, ಅಲ್ವಾ? ಅಷ್ಟೇ ಸಾಕು, ಎದುರಿಗಿದ್ದವನ ಅರ್ಧ ಮುಖ ಕರಗಿ ಬಣ್ಣಬಣ್ಣವಾಗಿ ಹೊರಗೆ ಸುರಿಯುತ್ತದೆ. ಯಾರಿಗೂ ಹೇಳಬೇಡ ಅಂತ ಅದು ಅಂಗಲಾಚುತ್ತದೆ. ಯೊಶಿಕಿ ಒಪ್ಪಿಕೊಳ್ಳುತ್ತಾನೆ. ಗೆಳೆಯ ಇಲ್ಲವೇ ಇಲ್ಲ ಅನ್ನೋದಕ್ಕಿಂತ ಗೆಳೆಯನ ಹಾಗೆ ಇರುವುದಾದರೂ ಇರಲಿ ಅನ್ನೋದು ಅವನ ಲೆಕ್ಕ. ಮೊಕುಮೊಕುರೆನ್ ಅವರ ಮಾಂಗಾ ಆಗಿನ್ನೂ ನಡೆಯುತ್ತಿತ್ತು, ಹಾಗಾಗಿ ಇಲ್ಲೂ ಕಥೆ ಪೂರ್ತಿ ಮುಗಿದಿಲ್ಲ. ಆದರೂ ನನಗೆ ಮೋಸ ಹೋದ ಹಾಗೆ ಅನ್ನಿಸಲಿಲ್ಲ. ಹಳ್ಳಿಯ ರಹಸ್ಯ ಬಾಕಿ ಉಳಿಯಿತು, ಆದರೆ ಆ ಇಬ್ಬರ ನಡುವಿನ ಮಾತು ಒಂದು ತೀರ್ಮಾನಕ್ಕೆ ಬಂತು. ನಾನು ದಂದದಾನ್‌ನಿಂದ ಬಯಸಿದ್ದು ಇಷ್ಟನ್ನೇ.

2025ರ ಏಪ್ರಿಲ್‌ನ ಸೀಸನ್ನಿನ ಹೊಸ 'ಗುಂಡಮ್', ಅಂದರೆ ದೈತ್ಯ ರೋಬಾಟ್‌ಗಳ ಯುದ್ಧದ ಸರಣಿ, ಅದರ ಬಗ್ಗೆ ಎರಡೇ ಮಾತು. ಹನ್ನೆರಡು ಕಂತಿನಲ್ಲಿ ಇಪ್ಪತ್ನಾಲ್ಕಕ್ಕೆ ಆಗುವಷ್ಟು ಕಥೆ ತುಂಬಿದರು. ಕೊನೆಯ ಕಂತುಗಳಲ್ಲಿ ಯಾರು ಯಾರ ಕಡೆ ಅಂತ ತಿಳಿಯುವಷ್ಟರಲ್ಲಿ ಯುದ್ಧವೇ ಮುಗಿದಿತ್ತು.

ಈಗ ನನಗೆ ಆ ಒಂದು ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಸರಣಿಗೆ ಬರುತ್ತೇನೆ. 'ಆರ್ಬ್'. 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯಲ್ಲಿ 25 ಕಂತು. ಮ್ಯಾಡ್‌ಹೌಸ್ ಸ್ಟುಡಿಯೋ. ಉಓತೊ ಅವರ ಮಾಂಗಾ 2022ರಲ್ಲೇ ಎಂಟು ಸಂಪುಟಕ್ಕೆ ಮುಗಿದಿತ್ತು, ಅದೇ ವರ್ಷ ತೆಜುಕಾ ಹೆಸರಿನ ದೊಡ್ಡ ಪ್ರಶಸ್ತಿಯೂ ಬಂದಿತ್ತು. ಅಂದರೆ ಅನಿಮೆ ಮಾಡುವವರಿಗೆ ಕೊನೆ ಎಲ್ಲಿ ಅಂತ ಮೊದಲೇ ಗೊತ್ತಿತ್ತು. ಅದು ಪ್ರತಿ ಕಂತಿನಲ್ಲೂ ಕಾಣುತ್ತದೆ.

ಹದಿನೈದನೇ ಶತಮಾನದ ಯೂರೋಪು, ಪೋಲೆಂಡ್‌ನಂಥ ಒಂದು ರಾಜ್ಯ. ರಫಾಲ್ ಅನ್ನುವ 12 ವರ್ಷದ ಜಾಣ ಹುಡುಗ. ದೇವತಾಶಾಸ್ತ್ರ ಓದಿ ಒಳ್ಳೆ ಸ್ಥಾನ ಹಿಡಿದು ಆರಾಮಾಗಿ ಬದುಕಬೇಕು ಅನ್ನೋದು ಅವನ ಯೋಜನೆ. ಅಷ್ಟರಲ್ಲಿ ಒಬ್ಬ ಧರ್ಮದ್ರೋಹಿಯ ಪರಿಚಯವಾಗಿ, ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅನ್ನುವ ಮಾತು ಅವನ ತಲೆಗೆ ಹೊಕ್ಕುಬಿಡುತ್ತದೆ. ಇನ್ನು ಇದನ್ನು ಹೇಳದೆ ಈ ಸರಣಿ ಬಗ್ಗೆ ಮಾತಾಡೋಕೇ ಆಗಲ್ಲ, ಕ್ಷಮಿಸಿ. ಈ ಹುಡುಗ ಮೂರನೇ ಕಂತಿನಲ್ಲಿ ಸಾಯುತ್ತಾನೆ. ನಾಯಕ ಇವನೇ ಅಂದುಕೊಂಡು ಕೂತಿದ್ದವರು ತಬ್ಬಿಬ್ಬು. ಕಥೆ ಹತ್ತು ವರ್ಷ ಮುಂದಕ್ಕೆ ಹಾರುತ್ತದೆ, ಬೇರೆ ಜನ ಬರುತ್ತಾರೆ. ಓಕ್ಸಿ ಅಂತ ಒಬ್ಬ, ದುಡ್ಡಿಗೆ ದ್ವಂದ್ವಯುದ್ಧ ಮಾಡುವವನು. ಕಣ್ಣು ಬಹಳ ಚುರುಕು, ಆದರೆ ಆಕಾಶ ನೋಡೋಕೇ ಹೆದರಿಕೆ. ಬದೇನಿ ಅನ್ನುವ ಸನ್ಯಾಸಿ, ಬುದ್ಧಿವಂತ, ಅಷ್ಟೇ ಅಹಂಕಾರಿ. ಯೊಲೆಂತಾ ಅನ್ನುವ ಹುಡುಗಿ, ಲೆಕ್ಕದಲ್ಲಿ ಚುರುಕಾಗಿದ್ದರೂ ಹೆಣ್ಣು ಅನ್ನುವ ಕಾರಣಕ್ಕೆ ಅವಳ ಬರಹಕ್ಕೆ ಅವಳ ಹೆಸರಿಲ್ಲ. ಒಬ್ಬರು ಸತ್ತರೆ ಅವರು ಬಚ್ಚಿಟ್ಟ ಕಾಗದ ಇನ್ನೊಬ್ಬರ ಕೈಗೆ ಸಿಗುತ್ತದೆ. ಮೊದಲ ಕಂತಿನಿಂದ ಜೊತೆಗಿರುವವನು ಯಾರು ಗೊತ್ತಾ? ಇವರನ್ನೆಲ್ಲ ಹಿಡಿದು ಹಿಂಸಿಸುವ ನೊವಾಕ್. ಅವನು ರಾಕ್ಷಸನಲ್ಲ. ಮಗಳ ಮೇಲೆ ಪ್ರೀತಿ ಇರುವ, ಹಿಂಸೆಯನ್ನು ಆಫೀಸು ಕೆಲಸದ ಹಾಗೆ ಮಾಡಿ ಮನೆಗೆ ಹೋಗುವ ಮನುಷ್ಯ.

ಇತಿಹಾಸ ಬಲ್ಲವರು ತಕರಾರು ತೆಗೆಯಬಹುದು. ಕೊಪರ್ನಿಕಸ್‌ನ ಪುಸ್ತಕ ಬಂದಿದ್ದು 1543ರಲ್ಲಿ. ಚರ್ಚು ಅದಕ್ಕೆ ತಡೆ ಹಾಕಿದ್ದು 1616ರಲ್ಲಿ. ಹದಿನೈದನೇ ಶತಮಾನದಲ್ಲಿ ಇದಕ್ಕಾಗಿಯೇ ಜನರನ್ನು ಹುಡುಕಿ ಹುಡುಕಿ ಸುಟ್ಟ ಚರಿತ್ರೆ ಇಲ್ಲ. ಕಥೆಗೂ ಇದು ಗೊತ್ತು, ಕೊನೆಗೆ ಅದನ್ನೇ ಇಟ್ಟುಕೊಂಡು ಆಟ ಆಡುತ್ತದೆ. ಕ್ರಾಕೋದಲ್ಲಿ ಪಾಠ ಹೇಳುತ್ತಿದ್ದ ಖಗೋಳ ಪಂಡಿತ ಆಲ್ಬರ್ಟ್ ಬ್ರುಡ್ಜೆವ್‌ಸ್ಕಿ ನಿಜವಾಗಿ ಇದ್ದವನು, ಕೊನೆಯ ಭಾಗ ಅವನದು. ಅಲ್ಲಿ ಸತ್ತುಹೋದ ರಫಾಲ್‌ನ ಹೆಸರು, ಅದೇ ಮುಖ ಇರುವ ದೊಡ್ಡ ಮನುಷ್ಯನೊಬ್ಬ ಬರುತ್ತಾನೆ. ಇದನ್ನು ಮೆಚ್ಚಿದವರು ಬಹಳ ಜನ. ನನಗೆ ಹಿಡಿಸಲಿಲ್ಲ. ಅಲ್ಲಿಯವರೆಗೆ ಮನುಷ್ಯರು ತಮ್ಮ ಜೀವ ಒತ್ತೆಯಿಟ್ಟು ಕೈಯಿಂದ ಕೈಗೆ ದಾಟಿಸಿದ್ದನ್ನು ಕೊನೆಗೆ ಒಗಟಾಗಿ ಮಾಡಿದರು ಅನ್ನಿಸಿತು. ಆದರೂ ಇದು ಲೇಖಕರೇ ಬಯಸಿದ ಕೊನೆ. ಸಮಯ ಮುಗಿಯಿತು ಅಂತ ಬಂದ ಕೊನೆ ಅಲ್ಲ. ಜಗಳ ಆಡೋಕೂ ಇಂಥ ಕೊನೆಯೇ ಚೆಂದ.

ನಮ್ಮ ಕಡೆಯ ಮಾತು ಸ್ವಲ್ಪ. ಭಾರತದಲ್ಲಿ ಅನಿಮೆ ನೋಡುವವರು ಈಗ ಬಹಳ ಜನ. ಹಲವು ಸರಣಿಗಳಿಗೆ ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಸಿಗುತ್ತದೆ. 2025ರ ಸೆಪ್ಟೆಂಬರ್ 12ರಂದು 'ಡೀಮನ್ ಸ್ಲೇಯರ್' ಸಿನಿಮಾ ಇಲ್ಲಿ ತೆರೆಕಂಡಾಗಲೂ ಇದೇ ಭಾಷೆಗಳಿದ್ದವು, ಜೊತೆಗೆ ಇಂಗ್ಲಿಷ್ ಮತ್ತು ಜಪಾನಿ. ಕನ್ನಡ ಇರಲಿಲ್ಲ. ನಮ್ಮ ಹುಡುಗರು ಇಂಗ್ಲಿಷ್ ಅಕ್ಷರ ಓದಿಕೊಂಡು ನೋಡುತ್ತಾರೆ, ಅವರಿಗೆ ತೊಂದರೆಯಿಲ್ಲ. ಅವರ ಅಜ್ಜಿಗೆ ಆ ಸಿಲ್ಕಿಯ ಕಂತನ್ನು ತೋರಿಸಬೇಕು ಅಂದರೆ ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಬೇಕು, ಅಷ್ಟೇ.

ಹೊಸದಾಗಿ ನೋಡುವವರಿಗೆ ನಾನು ಮೊದಲು ಹೇಳೋದು ಆರ್ಬ್ ಅಥವಾ 2024ರ ಮಾರ್ಚ್‌ನಲ್ಲಿ ಮುಗಿದ 28 ಕಂತಿನ 'ಫ್ರೀರೆನ್'. ಫ್ರೀರೆನ್ ಅಲ್ಲಿಗೇ ನಿಲ್ಲಲ್ಲ, 2026ರ ಜನವರಿಗೆ ಎರಡನೇ ಸೀಸನ್. ಆದರೆ ಮೊದಲನೆಯದನ್ನು ನೋಡಿ ನಿಲ್ಲಿಸಿದರೂ ಏನೂ ಬಾಕಿ ಉಳಿಯೋದಿಲ್ಲ. ಹೊಡೆದಾಟ, ನಗು ಬೇಕು ಅನ್ನುವವರಿಗೆ ದಂದದಾನ್. ಎರಡೂ ಸೀಸನ್ ಈಗ ಮುಗಿದಿರೋದರಿಂದ ಆ ಹನ್ನೆರಡನೇ ಕಂತಿನ ಹಳ್ಳವನ್ನು ಒಂದೇ ನೆಗೆತಕ್ಕೆ ದಾಟಬಹುದು.

ಆ ಬೇಸಿಗೆಯ ಬೆನ್ನಿಗೇ 2025ರ ಅಕ್ಟೋಬರ್ ಪಾಲು ಶುರುವಾಯಿತು. ನಾನು ಕಾಯುತ್ತಿದ್ದದ್ದು 'ಮೈ ಹೀರೋ ಅಕಾಡೆಮಿಯಾ'ದ ಕೊನೆಯ ಸೀಸನ್ನಿಗೆ. 2016ರಲ್ಲಿ ಶುರುವಾದ ಸರಣಿ. ಮಾಂಗಾ 2024ರಲ್ಲೇ ಮುಗಿದಿತ್ತು. ಇನ್ನು ಮುಂದೂಡೋಕೆ ಅವರ ಹತ್ತಿರ ಏನೂ ಉಳಿದಿರಲಿಲ್ಲ. ಮೊದಲ ಕಂತು ಬಂದಿದ್ದು ಅಕ್ಟೋಬರ್ 4ರ ಶನಿವಾರ.

ನಮಸ್ಕಾರ.