ಬ್ರಹ್ಮಗಿರಿಯ ಇದ್ದಿಲಿನಿಂದ ಅರ್ಧಾಯುವಿನ ಲೆಕ್ಕ

[ದೃಶ್ಯ: ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಅಶೋಕನ ಶಾಸನವಿರುವ ಬಂಡೆ]

ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಈ ನೆಲವನ್ನು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ, ಮಣ್ಣಿನ ಪದರಗಳ ಕಾಲವನ್ನು ಅವರು ಮಡಕೆ ಚೂರುಗಳಿಂದಲೂ ಚಂದ್ರವಳ್ಳಿಯಲ್ಲಿ ದೊರೆತಂತಹ ರೋಮನ್ ನಾಣ್ಯಗಳಿಂದಲೂ ಊಹಿಸಬೇಕಾಗಿತ್ತು. ವಿಕಿರಣಶೀಲ ಇಂಗಾಲವಾದ ಇಂಗಾಲ-14ರಿಂದ ವಯಸ್ಸು ಅಳೆಯುವ ವಿಧಾನವನ್ನು ರಸಾಯನಶಾಸ್ತ್ರಜ್ಞ ವಿಲ್ಲರ್ಡ್ ಲಿಬ್ಬಿ ಅಮೆರಿಕದಲ್ಲಿ ಆಗಿನ್ನೂ ರೂಪಿಸುತ್ತಿದ್ದರು.

ಇಲ್ಲಿ 2,300 ವರ್ಷ ಹಳೆಯ ಒಲೆಯ ಇದ್ದಿಲು ಸಿಕ್ಕಿತೆಂದು ಭಾವಿಸೋಣ. ಮರ ಬದುಕಿರುವವರೆಗೆ ಗಾಳಿಯಿಂದ ಇಂಗಾಲ-14 ಅದರೊಳಗೆ ಸೇರುತ್ತಲೇ ಇರುತ್ತದೆ. ಮರ ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ಕ್ಷಯಿಸುತ್ತಾ ಹೋಗುತ್ತದೆ. ಅದರ ಅರ್ಧಾಯು 5,730 ವರ್ಷ. ಅಷ್ಟು ಕಾಲದಲ್ಲಿ ಅರ್ಧ ಕಳೆದರೆ, ಮತ್ತಷ್ಟೇ ಕಾಲದಲ್ಲಿ ಉಳಿದರ್ಧವೂ ಮುಗಿಯುತ್ತದೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ, ಪ್ರತಿ ಸಲವೂ ಅರ್ಧವಾಗುವುದು ಮೊದಲಿದ್ದದ್ದಲ್ಲ, ಆ ಹೊತ್ತಿಗೆ ಉಳಿದಿರುವುದು. 11,460 ವರ್ಷಗಳ ನಂತರವೂ ಕಾಲು ಭಾಗ ಇದ್ದೇ ಇರುತ್ತದೆ.

[ಪರದೆಯ ಮೇಲೆ: ಉಳಿದದ್ದು = ಮೊದಲಿದ್ದದ್ದು × (½)ⁿ, ಇಲ್ಲಿ n = ಕಳೆದ ಕಾಲ ÷ ಅರ್ಧಾಯು]

ಈ n ಪೂರ್ಣಾಂಕವೇ ಆಗಬೇಕಿಲ್ಲ ಎಂಬುದನ್ನು ತರಗತಿಯಲ್ಲಿ ಒತ್ತಿ ಹೇಳುವುದು ಕಡಿಮೆ. ನಮ್ಮ ಇದ್ದಿಲಿಗೆ 2,300 ÷ 5,730, ಅಂದರೆ ಸುಮಾರು 0.401, ½ರ ಘಾತವಾಗಿ ಅದನ್ನಿಟ್ಟರೆ 0.757 ಬರುತ್ತದೆ. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಸಾಮಾನ್ಯವಾಗಿ ಘಾತದ ಗುಂಡಿ ಕಾಣಿಸುತ್ತದೆ. ಶೇಕಡಾ 75.7ರಷ್ಟು ಉಳಿದಿದೆ ಎಂದಾಯಿತು.

ಪ್ರಯೋಗಾಲಯದಲ್ಲಿ ಲೆಕ್ಕ ನಡೆಯುವುದು ತಿರುಗುಮುರುಗಾಗಿ: ಉಳಿದದ್ದನ್ನು ಅಳೆದು ವಯಸ್ಸನ್ನು ಕಂಡುಹಿಡಿಯಬೇಕು. 1 ÷ 0.757ರ ಲಾಗ್ ಅನ್ನು 2ರ ಲಾಗ್‌ನಿಂದ ಭಾಗಿಸಿ 5,730ರಿಂದ ಗುಣಿಸಿದರೆ 2,300 ವರ್ಷ ಮರಳಿ ದೊರೆಯುತ್ತದೆ. ಇದನ್ನು ಬಿಟ್ಟು, ಶೇಕಡಾ 50 ಕಳೆಯಲು 5,730 ವರ್ಷವಾದರೆ 24.3 ಕಳೆಯಲು ಎಷ್ಟು ಎಂದು ತ್ರೈರಾಶಿ ಹಾಕಿದವರಿಗೆ ಸುಮಾರು 2,785 ವರ್ಷ ಬರುತ್ತದೆ. ಅಶೋಕನ ಕಾಲದ ಒಲೆ ಬುದ್ಧನಿಗಿಂತಲೂ ಹಿಂದಕ್ಕೆ ಸರಿದುಬಿಡುತ್ತದೆ! ವಾತಾವರಣದ ಇಂಗಾಲ-14 ಎಲ್ಲ ಕಾಲದಲ್ಲೂ ಒಂದೇ ಪ್ರಮಾಣದಲ್ಲಿ ಇರಲಿಲ್ಲವಾದ್ದರಿಂದ, ಮರದ ವಾರ್ಷಿಕ ಉಂಗುರಗಳ ನೆರವಿನಿಂದ ಈ ಉತ್ತರವನ್ನು ತಿದ್ದುವ ಕೆಲಸ ಬೇರೆಯೇ ಇದೆ.

ತ್ರೈರಾಶಿ ಏಕೆ ಸೋಲುತ್ತದೆ? ಪರಮಾಣುವಿಗೆ ಮುಪ್ಪಿಲ್ಲ. ಸಾವಿರ ನಾಣ್ಯಗಳನ್ನು ಚಿಮ್ಮಿ, ತಲೆ ಬಿದ್ದವನ್ನೆಲ್ಲ ತೆಗೆದು, ಉಳಿದವನ್ನು ಮತ್ತೆ ಚಿಮ್ಮುತ್ತಾ ಹೋಗಿ ನೋಡಿ: ಹತ್ತು ಸುತ್ತು ಉಳಿದ ನಾಣ್ಯಕ್ಕೂ ಮುಂದಿನ ಸುತ್ತಿನಲ್ಲಿ ಇರುವುದು ಅದೇ ಅರ್ಧ ಸಾಧ್ಯತೆ.

[ದೃಶ್ಯ: ಚಿತ್ರದುರ್ಗದ ಹೆಬ್ಬಂಡೆಗಳು]

ಹತ್ತು ಅರ್ಧಾಯುಗಳಾದ ಮೇಲೆ ಉಳಿಯುವುದು 1,024ರಲ್ಲಿ ಒಂದು ಪಾಲು. ಆದ್ದರಿಂದ ಸುಮಾರು 50,000 ವರ್ಷಗಳಾಚೆಗೆ ಇಂಗಾಲ-14 ಉಪಯೋಗಕ್ಕೆ ಬರುವುದಿಲ್ಲ, ಬಂಡೆಗಂತೂ ಮೊದಲೇ ಸಲ್ಲದು. ಅಲ್ಲಿ ಬೇಕಾದದ್ದು 447 ಕೋಟಿ ವರ್ಷ ಅರ್ಧಾಯುವಿನ ಯುರೇನಿಯಂ-238. ಚಿತ್ರದುರ್ಗದ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ. ಅದೇ ಸೂತ್ರದಲ್ಲಿ ಈ ಸಂಖ್ಯೆಗಳನ್ನಿಟ್ಟರೆ 0.67 ಬರುತ್ತದೆ: ಆ ಕಲ್ಲು ಹೆಪ್ಪುಗಟ್ಟಿದಾಗ ಅದರಲ್ಲಿದ್ದ ಯುರೇನಿಯಂ-238ರ ಮೂರರಲ್ಲಿ ಎರಡು ಪಾಲು ಇಂದಿಗೂ ಕ್ಷಯಿಸದೆ ಉಳಿದಿದೆ.